ಮಹಾಪಧಮನಿಯ ಬಿರುಕು: ಚಿತ್ರದಲ್ಲಿ ಕಾಣುವ ಸುಳಿವು

1986ರ ಜನವರಿ 24. ಜಪಾನಿನ ಮಾತ್ಸುಯೆ ನಗರದಲ್ಲಿ ವಾಲಿಬಾಲ್ ಪಂದ್ಯ ನಡೆದಿತ್ತು. ಅಮೆರಿಕದ ಹೆಸರಾಂತ ಆಟಗಾರ್ತಿ ಫ್ಲೋ ಹೈಮನ್ ಅಂಕಣದಿಂದ ಹೊರಬಂದು ಬೆಂಚಿನ ಮೇಲೆ ಕುಳಿತವರು ಅಲ್ಲಿಯೇ ಕುಸಿದರು, ಮತ್ತೆ ಏಳಲಿಲ್ಲ. 1984ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದ ಈ ಆಟಗಾರ್ತಿಯ ಎತ್ತರ ಆರು ಅಡಿ ಐದು ಅಂಗುಲ, ವಯಸ್ಸು ಕೇವಲ 31. ಹೃದಯಾಘಾತವೆಂದು ಮೊದಲು ಎಲ್ಲರೂ ಭಾವಿಸಿದರು. ಆದರೆ ಶವಪರೀಕ್ಷೆಯಲ್ಲಿ ತಿಳಿದದ್ದೇ ಬೇರೆ. ಅವರ ಮಹಾಪಧಮನಿ ಹರಿದಿತ್ತು.

ಎಡ ಹೃತ್ಕುಕ್ಷಿಯಿಂದ ಹೊರಟು ಇಡೀ ದೇಹಕ್ಕೆ ಶುದ್ಧ ರಕ್ತ ಹಂಚುವ ದೊಡ್ಡ ಕೊಳವೆಯೇ ಮಹಾಪಧಮನಿ. ಅದರ ಗೋಡೆಗೆ ಮೂರು ಪದರಗಳು. ಗೋಡೆ ದುರ್ಬಲವಾದರೆ, ಸೈಕಲ್ ಟ್ಯೂಬಿನ ಸವೆದ ಜಾಗ ಉಬ್ಬುವಂತೆ ಅದೂ ಉಬ್ಬುತ್ತದೆ. ಒಳಪದರ ಹರಿದರೆ ರಕ್ತ ಪದರಗಳ ನಡುವೆ ನುಗ್ಗಿ ಇನ್ನೊಂದು ದಾರಿ ಮಾಡಿಕೊಳ್ಳುತ್ತದೆ. ಆಗ ಬರುವ ಎದೆನೋವು ಹೃದಯಾಘಾತದ ನೋವಿನಂತೆಯೇ ಇರಬಹುದು. ಆದರೆ ಹೃದಯಾಘಾತಕ್ಕೆ ಕೊಡುವ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧವನ್ನು ಇಲ್ಲಿ ಕೊಟ್ಟರೆ ಪ್ರಾಣಕ್ಕೇ ಕುತ್ತು! ಆದ್ದರಿಂದ ಚಿತ್ರ ನೋಡಿಯೇ ನಿರ್ಧರಿಸಬೇಕು.

ಎದೆಯ ಸಾಮಾನ್ಯ ಕ್ಷ-ಕಿರಣ ಚಿತ್ರದಲ್ಲಿ ಬಿರುಕು ಕಾಣದೇ ಹೋಗಬಹುದು. ಸಿ.ಟಿ. ಸ್ಕ್ಯಾನ್‌ನಲ್ಲಿ ಅಯೋಡಿನ್ ಬೆರೆತ ದ್ರವವನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಕ್ಷ-ಕಿರಣವನ್ನು ಅಯೋಡಿನ್ ಚೆನ್ನಾಗಿ ಹೀರುವುದರಿಂದ ರಕ್ತ ಹರಿಯುವ ದಾರಿ ಬೆಳ್ಳಗೆ ಕಾಣುತ್ತದೆ. ಹರಿದ ಪದರ ನಡುವೆ ಕಪ್ಪು ಗೆರೆಯಾಗಿ ಮೂಡುತ್ತದೆ. ಕೆಲವೇ ನಿಮಿಷಗಳ ಕೆಲಸ. ಎಂ.ಆರ್.ಐ. ಯಂತ್ರ ಕ್ಷ-ಕಿರಣವಿಲ್ಲದೆ, ಕಾಂತಕ್ಷೇತ್ರದ ನೆರವಿನಿಂದ ಚಿತ್ರ ತೆಗೆಯುತ್ತದೆ. ಸಮಯ ಹೆಚ್ಚು ಬೇಕು. 'ಎಕೋ' ಪರೀಕ್ಷೆಯಲ್ಲಿ ಬಳಸುವುದು ನಮ್ಮ ಕಿವಿಗೆ ಕೇಳಿಸದ ಶಬ್ದತರಂಗಗಳನ್ನು. ಅವುಗಳ ಪ್ರತಿಧ್ವನಿಯಿಂದ ಮಹಾಪಧಮನಿಯ ಬುಡ ಎಷ್ಟು ಅಗಲವಾಗಿದೆ ಎಂದು ಅಳೆಯಬಹುದು. ಇದರಲ್ಲಿ ನೋವಿಲ್ಲ, ವಿಕಿರಣವೂ ಇಲ್ಲ.

ಹೈಮನ್ ಅವರಿಗೆ ಇದ್ದದ್ದು ಮಾರ್ಫಾನ್ ಸಿಂಡ್ರೋಮ್ ಎಂಬ ಆನುವಂಶಿಕ ದೋಷ. ತಂದೆ ಅಥವಾ ತಾಯಿಗೆ ಇದಿದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಶೇ. 50. ತೆಳ್ಳಗೆ ಎತ್ತರದ ಮೈಕಟ್ಟು, ಉದ್ದ ಬೆರಳುಗಳು, ಎತ್ತರವನ್ನೂ ಮೀರಿಸುವ ತೋಳುಗಳ ಚಾಚು, ಬಾಗಿದ ಬೆನ್ನುಮೂಳೆ, ಕಣ್ಣಿನ ಮಸೂರ ಜರುಗಿರುವುದು ಇದರ ಗುರುತುಗಳು. ಎತ್ತರದ ಮಕ್ಕಳಿಗೆಲ್ಲ ಈ ದೋಷವಿದೆಯೆಂದು ಹೆದರಬೇಕಾಗಿಲ್ಲ. ಆದರೆ ಇಂಥ ಹಲವು ಗುರುತುಗಳು ಒಟ್ಟಿಗೆ ಕಂಡರೆ, ಅಥವಾ ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡಿದ್ದರೆ, ಮಗುವನ್ನು ಪಂದ್ಯಗಳಿಗೆ ಕಳುಹಿಸುವ ಮುನ್ನ ಪೋಷಕರು ವೈದ್ಯರನ್ನು ಕಂಡು ಎಕೋ ಮಾಡಿಸುವ ಬಗ್ಗೆ ಕೇಳಬೇಕು.

ಹೈಮನ್ ತೀರಿಕೊಂಡ ಬಳಿಕ ಅವರ ಸೋದರನನ್ನು ಪರೀಕ್ಷಿಸಿದಾಗ ಅದೇ ದೋಷ ಪತ್ತೆಯಾಯಿತು. ಅವರಿಗೆ ಸಕಾಲದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಅಕ್ಕನ ವಿಷಯದಲ್ಲಿ ಸತ್ತ ಮೇಲೆ ತಿಳಿದ ಸಂಗತಿ ತಮ್ಮನ ವಿಷಯದಲ್ಲಿ ಬದುಕಿದ್ದಾಗಲೇ ತಿಳಿಯಿತು.