ತಲೆಗೆ ಪೆಟ್ಟು ಬಿದ್ದ ಮೇಲಿನ ಕೆಲವು ಗಂಟೆಗಳು

ಬೈಕಿನಿಂದ ಬಿದ್ದ ಹುಡುಗನೊಬ್ಬ ಒಂದೆರಡು ನಿಮಿಷ ಪ್ರಜ್ಞೆ ತಪ್ಪಿ, ಆಮೇಲೆ ಎದ್ದು ಕೂರುತ್ತಾನೆ. ಬಟ್ಟೆಯ ಧೂಳು ಕೊಡವಿಕೊಂಡು ‘ನನಗೇನೂ ಆಗಿಲ್ಲ’ ಎನ್ನುತ್ತಾನೆ. ನೆರೆದವರು ಸಮಾಧಾನದಿಂದ ಚದುರುತ್ತಾರೆ. ಮನೆಗೆ ಹೋದವನು ತಲೆನೋವೆಂದು ಮಲಗುತ್ತಾನೆ. ಸಂಜೆ ತಾಯಿ ಎಬ್ಬಿಸಲು ಹೋದರೆ ಅವನು ಏಳುವುದಿಲ್ಲ. ಚೆನ್ನಾಗಿ ಮಾತನಾಡುತ್ತಿದ್ದವನು ಕೆಲವೇ ಗಂಟೆಗಳಲ್ಲಿ ಹೀಗಾಗಲು ಕಾರಣವೇನು?

ಈ ವಿಷಯದ ಮಾತುಕತೆಯ ಚಿತ್ರೀಕರಣಕ್ಕಾಗಿ ನಾನು ಸ್ಟುಡಿಯೋದಲ್ಲಿ ಸ್ಕ್ಯಾನ್ ಚಿತ್ರಗಳನ್ನೂ ಮಿದುಳಿನ ಮಾದರಿಯನ್ನೂ ಸಿದ್ಧಮಾಡಿಸಿಟ್ಟಿದ್ದೆ. ಅತಿಥಿಯಾಗಿ ಬಂದ ನರಶಸ್ತ್ರವೈದ್ಯರು ಅವನ್ನೆಲ್ಲ ನೋಡಿ, ‘ಒಂದು ಟಾರ್ಚು, ಒಂದು ಗಡಿಯಾರ ಇದೆಯೇ?’ ಎಂದು ಕೇಳಿದರು. ನನ್ನ ಪಟ್ಟಿಯಲ್ಲಿ ಅವೆರಡೂ ಇರಲಿಲ್ಲ. ಅವರು ಯಾಕೆ ಹಾಗೆ ಕೇಳಿದರೆಂಬುದನ್ನು, ಸಮಯದ ಮಿತಿಯಿಂದ ಕಾರ್ಯಕ್ರಮದಲ್ಲಿ ಬಿಟ್ಟುಹೋದ ಕೆಲವು ಸಂಗತಿಗಳೊಂದಿಗೆ, ಇಲ್ಲಿ ವಿವರಿಸಿದೆ.

ಮುಚ್ಚಿದ ಪೆಟ್ಟಿಗೆ

ಕಾಲಿಗೆ ಪೆಟ್ಟಾದರೆ ಅದು ಊದಿಕೊಳ್ಳುತ್ತದೆ. ಚರ್ಮ ಹಿಗ್ಗುವುದರಿಂದ ಊತಕ್ಕೆ ಜಾಗ ಸಿಗುತ್ತದೆ. ವಯಸ್ಕರ ತಲೆಬುರುಡೆ ಹಿಗ್ಗುವುದಿಲ್ಲ. ಅದರೊಳಗಿನ ಜಾಗದ 100ರಲ್ಲಿ ಸುಮಾರು 80 ಭಾಗವನ್ನು ಮಿದುಳು ತುಂಬಿದೆ. ಉಳಿದದ್ದನ್ನು ರಕ್ತ ಮತ್ತು ಮಿದುಳನ್ನು ಸುತ್ತುವರಿದ ತಿಳಿಯಾದ ದ್ರವ ಹೆಚ್ಚುಕಡಿಮೆ ಸಮನಾಗಿ ಹಂಚಿಕೊಂಡಿವೆ. ಈ ಮೂರರಲ್ಲಿ ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಲೇಬೇಕು. 1783ರಲ್ಲಿ ಅಲೆಕ್ಸಾಂಡರ್ ಮನ್ರೋ, 1824ರಲ್ಲಿ ಜಾರ್ಜ್ ಕೆಲಿ ಎಂಬ ಸ್ಕಾಟ್ಲೆಂಡಿನ ವೈದ್ಯರು ಬರೆದ ವಿಚಾರಗಳಿಂದ ಬೆಳೆದ ಈ ತತ್ವಕ್ಕೆ ಅವರಿಬ್ಬರ ಹೆಸರೇ ಉಳಿದಿದೆ.

ತುಂಬಿದ ಬಸ್ಸಿಗೆ ಇನ್ನೂ ನಾಲ್ವರು ಹತ್ತಿದರೆ ನಿಂತವರು ಒತ್ತರಿಸಿಕೊಂಡು ಜಾಗ ಮಾಡಿಕೊಡುತ್ತಾರೆ. ಆದರೆ ಒಂದು ಹಂತದ ನಂತರ ಒಬ್ಬನೇ ಹತ್ತಿದರೂ ಎಲ್ಲರಿಗೂ ಉಸಿರು ಕಟ್ಟುತ್ತದೆ. ತಲೆಯೊಳಗೆ ರಕ್ತ ಸೋರಿದಾಗಲೂ ಹೀಗೆಯೇ. ಮೊದಲು ಸ್ವಲ್ಪ ದ್ರವ ಬೆನ್ನುಹುರಿಯ ಕಡೆಗೆ ಸರಿಯುತ್ತದೆ, ಅಶುದ್ಧ ರಕ್ತ ಹೊರಗೆ ಹೋಗುತ್ತದೆ. ಅಲ್ಲಿಯವರೆಗೆ ರೋಗಿ ಚೆನ್ನಾಗಿಯೇ ಕಾಣುತ್ತಾನೆ. ಜಾಗ ಮುಗಿದ ಕೂಡಲೇ ಒತ್ತಡ ಒಮ್ಮೆಲೇ ಏರುತ್ತದೆ.

ಮಲಗಿರುವ ಆರೋಗ್ಯವಂತ ವಯಸ್ಕರಲ್ಲಿ ಈ ಒತ್ತಡ ಸುಮಾರು 7ರಿಂದ 15 ಮಿಲಿಮೀಟರ್ ಪಾದರಸದಷ್ಟು. ಇದನ್ನು ಮೀರಿ ರಕ್ತ ಮಿದುಳಿಗೆ ಹರಿಯಬೇಕು. ಸರಾಸರಿ ರಕ್ತದೊತ್ತಡ 90, ತಲೆಯೊಳಗಿನ ಒತ್ತಡ 10 ಇದ್ದರೆ ರಕ್ತವನ್ನು ತಳ್ಳುವ ಬಲ 80. ಒಳಗಿನ ಒತ್ತಡ 40ಕ್ಕೆ ಏರಿದರೆ ಉಳಿಯುವುದು 50 ಮಾತ್ರ. ಮಿದುಳು ಹಸಿಯತೊಡಗುತ್ತದೆ.

ಮೋಸಗೊಳಿಸುವ ಬಿಡುವು

ಕಿವಿಯ ಮುಂಭಾಗದ ಮೇಲೆ, ಕಣತಲೆಯ ಬಳಿ, ಬುರುಡೆಯ ಮೂಳೆ ತೆಳ್ಳಗಿದೆ. ಅದರ ಒಳಮೈಗೆ ತಾಗಿಕೊಂಡೇ ಒಂದು ಅಪಧಮನಿ ಸಾಗುತ್ತದೆ. ಮೂಳೆ ಬಿರುಕುಬಿಟ್ಟಾಗ ಅದು ಹರಿದರೆ, ಮೂಳೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ತುಂಬಿ ಗಡ್ಡೆಯಾಗುತ್ತದೆ. ಪೆಟ್ಟಿಗೂ ಪ್ರಜ್ಞೆ ತಪ್ಪುವುದಕ್ಕೂ ನಡುವೆ ರೋಗಿ ಮಾತನಾಡಿಕೊಂಡಿರುವ ಈ ಅವಧಿಯನ್ನು ವೈದ್ಯರು ‘ಲೂಸಿಡ್ ಇಂಟರ್ವಲ್’ ಎನ್ನುತ್ತಾರೆ. ಇದು ಎಲ್ಲರಲ್ಲೂ ಕಾಣಿಸದು. ಕಂಡಾಗ ಮಾತ್ರ ನೋಡುವವರನ್ನು ಮೋಸಗೊಳಿಸುತ್ತದೆ.

2009ರ ಮಾರ್ಚ್‌ನಲ್ಲಿ ಬ್ರಿಟಿಷ್ ನಟಿ ನತಾಶಾ ರಿಚರ್ಡ್ಸನ್ ಕೆನಡಾದ ಹಿಮದ ಇಳಿಜಾರಿನಲ್ಲಿ ಸ್ಕೀಯಿಂಗ್ ಕಲಿಯುವಾಗ ಬಿದ್ದರು. ಹೆಲ್ಮೆಟ್ ಇರಲಿಲ್ಲ. ಎದ್ದು ಮಾತನಾಡಿದರು, ವೈದ್ಯರ ನೆರವು ಬೇಡವೆಂದರು. ಸುಮಾರು ಒಂದು ಗಂಟೆಯ ನಂತರ ತಲೆನೋವು ಶುರುವಾಯಿತು. ಎರಡು ದಿನಗಳಲ್ಲಿ ತೀರಿಕೊಂಡರು. ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು ಇದೇ ಬಗೆಯ ರಕ್ತಸ್ರಾವ.

ಎಚ್ಚರಕ್ಕೆ ಅಂಕಗಳು

‘ಅರೆಪ್ರಜ್ಞೆ’, ‘ಮಂಪರು’ ಎಂಬ ಮಾತುಗಳಿಗೆ ಒಬ್ಬೊಬ್ಬರೂ ಒಂದೊಂದು ಅರ್ಥ ಹೇಳುತ್ತಾರೆ. ಈ ಗೊಂದಲ ನೀಗಲು ಗ್ಲಾಸ್ಗೋ ನಗರದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ 1974ರಲ್ಲಿ ಒಂದು ಅಳತೆಯನ್ನು ಪ್ರಕಟಿಸಿದರು. ಅದೇ ಗ್ಲಾಸ್ಗೋ ಕೋಮಾ ಸ್ಕೇಲ್. ಇಂದಿನ ರೂಪದಲ್ಲಿ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15 ಅಂಕಗಳು. ಏನೂ ಪ್ರತಿಕ್ರಿಯೆ ಇಲ್ಲದಿದ್ದರೂ ಪ್ರತಿ ವಿಭಾಗಕ್ಕೆ 1 ಅಂಕವಿದೆ. ಆದ್ದರಿಂದ ಕನಿಷ್ಠ ಅಂಕ ಸೊನ್ನೆಯಲ್ಲ, 3.

ಮೇಲಿನ ಹುಡುಗನನ್ನೇ ತೆಗೆದುಕೊಳ್ಳಿ. 9 ಗಂಟೆಗೆ ಅವನಿಗೆ 15. ಒಂಬತ್ತೂವರೆಗೆ ಕೂಗಿದರೆ ಕಣ್ಣು ಬಿಡುತ್ತಾನೆ (3), ಯಾವ ಊರು ಎಂದರೆ ತಡವರಿಸುತ್ತಾನೆ (4), ಕೈ ಎತ್ತು ಎಂದರೆ ಎತ್ತುತ್ತಾನೆ (6): ಒಟ್ಟು 13. ಹತ್ತು ಗಂಟೆಗೆ ನೋವಾಗುವಂತೆ ಒತ್ತಿದರಷ್ಟೇ ಕಣ್ಣು ಬಿಡುತ್ತಾನೆ (2), ನರಳುತ್ತಾನೆ (2), ಕೈ ಹಿಂದಕ್ಕೆ ಸೆಳೆದುಕೊಳ್ಳುತ್ತಾನೆ (4): ಒಟ್ಟು 8. ಎಂಟು ಅಥವಾ ಅದಕ್ಕಿಂತ ಕಡಿಮೆಯಾದರೆ ತೀವ್ರ ಪೆಟ್ಟೆಂದು ಪರಿಗಣಿಸುತ್ತಾರೆ. ಉಸಿರಿನ ದಾರಿಯನ್ನು ಅವನೇ ಕಾಪಾಡಿಕೊಳ್ಳುತ್ತಾನೆಂದು ನಂಬುವಂತಿಲ್ಲ. 13 ಎಂಬ ಅಂಕವೊಂದನ್ನೇ ನೋಡಿದವರಿಗೆ ಗಾಬರಿಯಾಗದು. 15, 13, 8 ಎಂಬ ಇಳಿಕೆಯನ್ನು ನೋಡಿದವರು ಸುಮ್ಮನೆ ಕೂರಲಾರರು. ಅತಿಥಿಗಳು ಗಡಿಯಾರ ಕೇಳಿದ್ದು ಇದಕ್ಕೇ.

ಇನ್ನು ಟಾರ್ಚು. ಬೆಳಕು ಬಿಟ್ಟಾಗ ಕಣ್ಣಿನ ಪಾಪೆ ಕಿರಿದಾಗಬೇಕು. ಅದನ್ನು ಕಿರಿದಾಗಿಸುವ ನರ ಮಿದುಳಿನ ಬುಡದಲ್ಲಿ ಸಾಗುತ್ತದೆ. ಒತ್ತಡಕ್ಕೆ ಮಿದುಳು ಕೆಳಗೆ ಸರಿದು ಆ ನರವನ್ನು ಅದುಮಿದರೆ, ಸಾಮಾನ್ಯವಾಗಿ ಗಡ್ಡೆಯಿರುವ ಕಡೆಯ ಪಾಪೆಯೇ ಹಿಗ್ಗಿ ನಿಲ್ಲುತ್ತದೆ. ಇದರ ಜೊತೆ ರಕ್ತದೊತ್ತಡ ಏರಿ, ನಾಡಿ ನಿಧಾನವಾಗಿ, ಉಸಿರು ಏರುಪೇರಾದರೆ ಉಳಿದಿರುವ ಸಮಯ ಬಹಳ ಕಡಿಮೆ.

ಗಡ್ಡೆ ಎಲ್ಲಿದೆಯೆಂದು ಸಿ.ಟಿ. ಸ್ಕ್ಯಾನ್ ನಿಮಿಷಗಳಲ್ಲಿ ತೋರಿಸುತ್ತದೆ. ರೋಗಿಯ ಮಿದುಳಿನ ಮೊದಲ ಸ್ಕ್ಯಾನ್ ನಡೆದದ್ದು 1971ರಲ್ಲಿ, ಲಂಡನ್ನಿನಲ್ಲಿ. ಯಂತ್ರ ರೂಪಿಸಿದ ಎಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್‌ಗೆ 1979ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಬುರುಡೆ ತೆರೆದು ಗಡ್ಡೆ ತೆಗೆದು, ರಕ್ತ ಸೋರುವುದನ್ನು ನಿಲ್ಲಿಸಿದರೆ ಇಂಥ ರೋಗಿಗಳಲ್ಲಿ ಅನೇಕರು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಆದರೆ ಅವರನ್ನು ಯಂತ್ರದ ಬಳಿಗೆ ಕಳಿಸಬೇಕೆಂದು ತೀರ್ಮಾನಿಸುವವರು ಮನುಷ್ಯರೇ.

ನೀವೇನು ಮಾಡಬಹುದು?

ತಲೆಗೆ ಪೆಟ್ಟು ಬಿದ್ದವರು ಸ್ವಲ್ಪ ಹೊತ್ತು ಪ್ರಜ್ಞೆ ತಪ್ಪಿದ್ದರೂ ಆಸ್ಪತ್ರೆಗೆ ತೋರಿಸಲೇಬೇಕು. ಹೆಚ್ಚುತ್ತಿರುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಂದಿಲ್ಲದ ನಿದ್ದೆ, ತೊದಲು, ಫಿಟ್ಸ್, ಕೈಕಾಲಿನ ಬಲ ಕುಂದುವುದು, ಮೂಗು ಕಿವಿಗಳಿಂದ ರಕ್ತ ಅಥವಾ ನೀರಿನಂಥ ದ್ರವ ಸೋರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ 108ಕ್ಕೆ ಕರೆಮಾಡಿ. ಕುತ್ತಿಗೆಗೂ ಪೆಟ್ಟಾಗಿರಬಹುದು, ಎಳೆದಾಡಬೇಡಿ, ನೀರು ಕುಡಿಸಬೇಡಿ. ‘ಕುಡಿದಿದ್ದಾನೆ, ಮಲಗಲಿ ಬಿಡಿ’ ಎಂಬ ಮಾತನ್ನು ಒಪ್ಪಬೇಡಿ. ಕುಡಿದವನ ತಲೆಯೊಳಗೂ ರಕ್ತ ಸೋರಬಹುದು.

ಬಿದ್ದ ಹೊತ್ತು, ಪ್ರಜ್ಞೆ ತಪ್ಪಿದ ಹೊತ್ತು, ಕೊನೆಯದಾಗಿ ಸರಿಯಾಗಿ ಮಾತನಾಡಿದ ಹೊತ್ತು, ಈ ಮೂರನ್ನು ಒಂದು ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಿ. ನಾಳೆ ನಿಮ್ಮಲ್ಲಿ ಕೆಲವರು ವೈದ್ಯರಾಗಿ ಅಂಥ ಚೀಟಿಗಾಗಿ ಕಾಯುತ್ತೀರಿ. ಇಂದು ಅದನ್ನು ಬರೆಯಲು ಒಂದು ಪೆನ್ನು, ಒಂದು ಗಡಿಯಾರ ಸಾಕು.