ಆಟಗಾರರ ಮೂರನೆಯ ಪಾತ್ರ

ಐ.ಪಿ.ಎಲ್. ಪಂದ್ಯಗಳ ಕನ್ನಡ ವಿವರಣೆಯು ಟಿ.ವಿ.ಯಲ್ಲಿ ಬರತೊಡಗಿದ ಮೇಲೆ ವಿಜಯಪುರ ನಗರದಲ್ಲಿ ಮಾತ್ರವಲ್ಲದೆ ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿತೋಟದ ಮನೆಗಳಲ್ಲಿಯೂ ಅಜ್ಜಿಯಂದಿರು ಓವರುಗಳನ್ನು ಎಣಿಸುವುದನ್ನು ನಾವು ಕಂಡಿದ್ದೇವೆ. ಆ ವಿವರಣೆಕಾರರಲ್ಲಿ ಶ್ರೀ ವಿಜಯ್ ಭಾರದ್ವಾಜರೂ ಒಬ್ಬರು. ಅವರ ಧ್ವನಿಯನ್ನು ಬಲ್ಲವರು ಬಹುಮಂದಿ. ಆ ಧ್ವನಿಯ ಹಿಂದಿರುವ ಆಟವನ್ನು ಬಲ್ಲವರು ಕಡಮೆ.

1998-99ರ ರಣಜಿ ಋತುವಿನಲ್ಲಿ ಕನ್ನಡಕಧಾರಿಗಳಾದ ಈ ತರುಣರು 1280 ರನ್ನುಗಳನ್ನು ಗಳಿಸಿದರು. ಅಂತಿಮ ಪಂದ್ಯವು ಬೆಂಗಳೂರಿನಲ್ಲಿ ಮಧ್ಯಪ್ರದೇಶದೊಡನೆ ನಡೆಯಿತು. ಮೊದಲ ಸರದಿಯಲ್ಲಿ 75 ರನ್ನುಗಳಿಂದ ಹಿಂದೆ ಬಿದ್ದಿದ್ದ ಕರ್ನಾಟಕವು ಎದುರಾಳಿಗಳಿಗೆ 247ರ ಗುರಿಯನ್ನು ಒಡ್ಡಿತು. ಕಡೆಯ ದಿನ ಚಹದ ವಿರಾಮದವರೆಗೂ ಪಂದ್ಯವು ಸಮವಾಗಿ ಮುಗಿಯುವಂತೆಯೇ ತೋರುತ್ತಿತ್ತು. ಆಮೇಲೆ ಭಾರದ್ವಾಜರ ಆಫ್ ಸ್ಪಿನ್ನಿಗೆ ದಾಂಡಿಗರು ಒಬ್ಬರ ಹಿಂದೊಬ್ಬರು ಉರುಳಿದರು. ಅವರಿಗೆ 24 ರನ್ನುಗಳಿಗೆ 6 ವಿಕೆಟ್; ಮಧ್ಯಪ್ರದೇಶ 150ಕ್ಕೆ ಸಮಾಪ್ತ. ಸೋತ ತಂಡದ ನಾಯಕರಾಗಿದ್ದ ಚಂದ್ರಕಾಂತ ಪಂಡಿತರು 2022ರಲ್ಲಿ ಅದೇ ಮೈದಾನದಲ್ಲಿ, ಅದೇ ಮಧ್ಯಪ್ರದೇಶದ ಶಿಕ್ಷಕರಾಗಿ, ರಣಜಿ ಪ್ರಶಸ್ತಿಯನ್ನು ಗೆದ್ದುದೂ ಇಲ್ಲಿ ಸ್ಮರಣೀಯವೇ.

ಅದೇ 1999ರಲ್ಲಿ ನೈರೋಬಿಯ ಪಂದ್ಯಾವಳಿಯಲ್ಲಿ ಭಾರತದ ಪರವಾಗಿ ಮೊದಲ ಸಲ ಆಡಿ, ಭಾರದ್ವಾಜರು ಸರಣಿಯ ಶ್ರೇಷ್ಠ ಆಟಗಾರರೆನಿಸಿದರು. ಆದರೆ ದೇಶಕ್ಕಾಗಿ ಆಡಿದುದು 3 ಟೆಸ್ಟ್, 10 ಏಕದಿನ ಪಂದ್ಯಗಳು ಮಾತ್ರ. ಇನ್ನಷ್ಟು ಅವಕಾಶ ಸಲ್ಲಬೇಕಾಗಿತ್ತೆಂದೇ ನಮ್ಮ ಅಭಿಪ್ರಾಯ.

ಆಟ ಮುಗಿದ ಮೇಲೆ ಅವರು ಕರ್ನಾಟಕ ತಂಡದ ತರಬೇತುದಾರರಾದರು. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ಸ್ಪರ್ಧೆ ಹುಟ್ಟಿದಾಗ ಪರೀಕ್ಷೆಗೆ ನಿಲ್ಲುವುದು ಗುರುವಿನ ನೃತ್ಯವಲ್ಲ, ಶಿಷ್ಯೆಯ ನೃತ್ಯ. ತರಬೇತುದಾರರ ಪಾಡೂ ಅಂತಹುದೇ. ತಾನು ಮಾಡಬಲ್ಲುದನ್ನು ಇನ್ನೊಬ್ಬರ ಕೈಯಿಂದ ಮಾಡಿಸಬೇಕು. ಅದಕ್ಕೆ ಮಾತು ಬೇಕು. ಆ ಮಾತೇ ಮುಂದೆ ವಿವರಣೆಯಲ್ಲಿ ಅವರಿಗೆ ಬಂಡವಾಳವಾಯಿತೆಂದು ನಾವು ತಿಳಿಯುತ್ತೇವೆ.

ನಮ್ಮೂರ ಗೋಳಗುಮ್ಮಟವು ಆಡಿದ ನುಡಿಯನ್ನೇ ಮರಳಿ ಮರಳಿ ಕೇಳಿಸುತ್ತದೆ. ವಿವರಣೆಕಾರನು ಹಾಗಾಗಬಾರದು. ಚೆಂಡು ಬೌಂಡರಿ ದಾಟಿದುದು ನಮ್ಮ ಕಣ್ಣಿಗೂ ಕಾಣುವುದು. ಆಫ್ ಸ್ಪಿನ್ ಚೆಂಡು ನೆಲಕ್ಕೆ ತಾಗಿ ಬಲಗೈ ದಾಂಡಿಗನ ಮೈಯತ್ತ ಏಕೆ ತಿರುಗಿತು, ಬೆರಳು ಅದಕ್ಕೆ ಏನು ಮಾಡಿತು ಎಂಬುದನ್ನು ಚೆಂಡೆಸೆದ ಕೈಯವರೇ ಹೇಳಬೇಕು. ಈ ವಿವರಣೆಯಲ್ಲಿ ಇಂಗ್ಲಿಷ್ ಶಬ್ದಗಳು ಹೆಚ್ಚೆಂದು ಆಕ್ಷೇಪಿಸುವವರುಂಟು. ಓವರು, ವಿಕೆಟ್ಟುಗಳನ್ನು ಸಂಸ್ಕೃತಕ್ಕೆ ತಿರುಗಿಸುವ ಹಠವು ಸಂಸ್ಕೃತವನ್ನೋದಿದ ನಮಗೇ ರುಚಿಸದು!

ವಿಜಯಪುರದವರೇ ಆದ ರಾಜೇಶ್ವರಿ ಗಾಯಕವಾಡರು 2017ರ ವಿಶ್ವಕಪ್ಪಿನಲ್ಲಿ, ಡರ್ಬಿಯಲ್ಲಿ, ನ್ಯೂಜಿಲೆಂಡಿನ 5 ವಿಕೆಟ್ಟುಗಳನ್ನು ಕೇವಲ 15 ರನ್ನುಗಳಿಗೆ ಕೆಡವಿದರು. ಅವರೂ ಸ್ಪಿನ್ ಬೌಲರರೇ. ಅವರಂತೆ ಚೆಂಡನ್ನು ತಿರುಗಿಸಬೇಕೆನ್ನುವ ಹುಡುಗಿಯರು ಈಗ ನಮ್ಮ ಓಣಿಗಳಲ್ಲಿದ್ದಾರೆ. ಬೆರಳನ್ನು ಎಲ್ಲಿಡಬೇಕೆಂಬುದನ್ನು ಅವರು ಕನ್ನಡದಲ್ಲಿಯೇ ಕೇಳುತ್ತಾರೆ.