ಎರಡು ಸಿಂಹಾಸನಗಳ ನಡುವಣ ಕಾಂಬೋಜ

ಎರಡು ಕೋಣಗಳ ಕಾಳಗದಲ್ಲಿ ಗಿಡ ನಲುಗುವುದೆಂಬ ಗಾದೆಯನ್ನು ಕಾಂಬೋಜದ ಇತಿಹಾಸಕ್ಕೆ ಅನ್ವಯಿಸಹೊರಟವನು ಒಂದು ತೊಡಕನ್ನು ಎದುರಿಸಬೇಕಾಗುತ್ತದೆ: ಪಶ್ಚಿಮದ ಸಯಾಮನ್ನೂ ಪೂರ್ವದ ವಿಯೆಟ್ನಾಮನ್ನೂ ಪುನಃಪುನಃ ಅಂಗಳಕ್ಕೆ ಕರೆತಂದವರು ಬಹುಮಟ್ಟಿಗೆ ಖ್ಮೇರ್ ರಾಜವಂಶದ ದಾಯಾದಿಗಳೇ.

1431ರಲ್ಲಿ ಸಯಾಮಿನ ರಾಜಧಾನಿಯಾಗಿದ್ದ ಅಯುಥ್ಯಾದ ಸೈನ್ಯ ಅಂಗ್ಕೋರನ್ನು ಹಿಡಿದುದೂ, 1594ರಲ್ಲಿ ನರೇಸುವನ್ ದೊರೆ ಲೊವೆಕ್ ರಾಜಧಾನಿಯನ್ನು ಗೆದ್ದುದೂ ಈ ಕಥೆಯ ಪೀಠಿಕೆ. ಸಯಾಮಿನ ಒತ್ತಡಕ್ಕೆ ಪ್ರತಿಭಾರವನ್ನು ಅರಸಿದ ಖ್ಮೇರ್ ದೊರೆ ಚೆಯ್ ಚೆತ್ತಾ ದಕ್ಷಿಣ ವಿಯೆಟ್ನಾಮನ್ನು ಆಳುತ್ತಿದ್ದ ನ್ಗುಯೆನ್ ಮನೆತನದ ಕನ್ಯೆಯನ್ನು ವರಿಸಿ, 1623ರಲ್ಲಿ ಪ್ರೆ ನೊಕೋರಿನಲ್ಲಿ ಆ ಮನೆತನಕ್ಕೆ ಸುಂಕದ ಕಟ್ಟೆಯನ್ನು ಅನುಮತಿಸಿದನು. ಮುಂದೆ ಸೈಗಾನೆಂದು ಹೆಸರಾದ ಆ ಊರು 1698ರ ಹೊತ್ತಿಗೆ ವಿಯೆಟ್ನಾಮೀ ಆಡಳಿತಕ್ಕೆ ಸೇರಿತು. ಮೆಕಾಂಗಿನ ಮುಖಜಭೂಮಿ ಅದರ ಹಿಂದೆಯೇ ಕ್ರಮಕ್ರಮವಾಗಿ ಕೈಜಾರಿತು.

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಖ್ಮೇರ್ ದೊರೆ ಅಂಗ್ ಚಾನ್ ವಿಯೆಟ್ನಾಮಿನತ್ತ ವಾಲಲು, ಅವನ ಸೋದರರು ಸಯಾಮಿನ ಬ್ಯಾಂಕಾಕಿನ ಆಶ್ರಯಕ್ಕೆ ಹೋದರು. 1812ರಲ್ಲಿ ಸಯಾಮೀ ಸೈನ್ಯ ಬಂದಾಗ ಚಾನ್ ಸೈಗಾನಿಗೆ ಓಡಿ, ಮರುವರ್ಷ ವಿಯೆಟ್ನಾಂ ಪಡೆಯ ಬೆಂಗಾವಲಿನಲ್ಲಿ ಹಿಂದಿರುಗಿದನು. 1833ರಲ್ಲಿ ಬೋದಿನ್‌ದೇಚಾ ಎಂಬ ಸಯಾಮೀ ಸೇನಾನಿ ಮತ್ತೆ ದಂಡೆತ್ತಿ ಬಂದು, ಮುಂದಿನ ವರ್ಷ ಸೋತು ಹಿಮ್ಮೆಟ್ಟುವಾಗ ಸಹಸ್ರಾರು ಜನರನ್ನು ಸೆರೆಯೊಯ್ದನು. ನೆಲ ವಿಪುಲವಾಗಿಯೂ ಜನ ವಿರಳವಾಗಿಯೂ ಇದ್ದ ಆ ನಾಡುಗಳಲ್ಲಿ ಉಳುವ ಕೈಗಳೇ ಯುದ್ಧದ ಪರಮ ಲಾಭವಾಗಿದ್ದುದರಿಂದ, ಸೋತ ಸೇನಾಪತಿಯೂ ಬರಿಗೈಯಲ್ಲಿ ಮರಳುತ್ತಿರಲಿಲ್ಲ.

ಚಾನ್ ಗಂಡುಸಂತಾನವಿಲ್ಲದೆ ತೀರಿಕೊಳ್ಳಲು, ವಿಯೆಟ್ನಾಮೀಯರು 1835ರಲ್ಲಿ ಅವನ ಮಗಳು ಅಂಗ್ ಮೇಯನ್ನು ಪಟ್ಟಕ್ಕೆ ಕೂರಿಸಿದರು. ಸುಮಾರು ಇಪ್ಪತ್ತರ ಪ್ರಾಯದ ಆಕೆಯದು ನಾಮಮಾತ್ರದ ರಾಣಿತನ. ಅಧಿಕಾರವೆಲ್ಲ ತ್ರುವೊಂಗ್ ಮಿನ್ ಜಾಂಗ್ ಎಂಬ ವಿಯೆಟ್ನಾಮೀ ಸೇನಾಪತಿಯ ಕೈಯಲ್ಲಿತ್ತು. ಹ್ಯೂ ನಗರದಿಂದ ಆಳುತ್ತಿದ್ದ ವಿಯೆಟ್ನಾಮಿನ ಚಕ್ರವರ್ತಿ ಮಿನ್ ಮಾಂಗ್ ಕಾಂಬೋಜವನ್ನು ತನ್ನ ಪ್ರಾಂತವನ್ನಾಗಿಸಿ, ಖ್ಮೇರ್ ಅಧಿಕಾರಿಗಳಿಗೆ ವಿಯೆಟ್ನಾಮೀ ಉಡುಪನ್ನು ವಿಧಿಸಿ, ಚೀನೀ ಮಾದರಿಯ ಆಡಳಿತವನ್ನು ಹೇರಿದನು. ಸಯಾಮೀಯರೂ ಸುಲಿಗೆಯಲ್ಲಿ ಹಿಂದೆ ಬಿದ್ದವರಲ್ಲ. ಆದರೆ ಅವರು ಖ್ಮೇರರಂತೆಯೇ ಥೇರವಾದ ಬೌದ್ಧರು, ಅವರ ವಿಹಾರವೂ ಆಸ್ಥಾನಮರ್ಯಾದೆಯೂ ಖ್ಮೇರರಿಗೆ ಅಪರಿಚಿತವಲ್ಲ. ಹ್ಯೂವಿನ ಕನ್ಫ್ಯೂಷಿಯನ್ ದೊರೆತನವಾದರೋ ಪ್ರಜೆಯ ಮೈಮೇಲಿನ ಬಟ್ಟೆಯನ್ನೂ ತಿದ್ದಹೊರಟಿತು. ಜನ ತೆರಿಗೆಯನ್ನು ಸಹಿಸಿಯಾರು, ಇದನ್ನಲ್ಲ. 1840ರಲ್ಲಿ ರಾಣಿಯನ್ನೂ ಆಕೆಯ ಸೋದರಿಯರನ್ನೂ ವಿಯೆಟ್ನಾಮೀಯರು ಬಂಧಿಸಲು ನಾಡು ದಂಗೆಯೆದ್ದಿತು. ಬೋದಿನ್‌ದೇಚಾ ಚಾನನ ತಮ್ಮ ಅಂಗ್ ದುವಾಂಗನೊಡನೆ ಮರಳಿ ಬಂದನು. ಮರುವರ್ಷ ಮಿನ್ ಮಾಂಗ್ ತೀರಿಕೊಂಡನು. ಅವನ ಮಗ ಸೈನ್ಯವನ್ನು ಹಿಂದೆಗೆದನಾದರೂ 1845ರಲ್ಲಿ ಕಾಳಗ ಮತ್ತೊಮ್ಮೆ ಹೊತ್ತಿತು.

ಗೆಲ್ಲಲಾರದೆ ಬಳಲಿದ ಉಭಯರೂ ಕೊನೆಗೆ ಸಂಧಿಗೆ ಬಂದರು. 1848ರಲ್ಲಿ ಔಡಾಂಗಿನಲ್ಲಿ ಪಟ್ಟಾಭಿಷಿಕ್ತನಾದ ದುವಾಂಗ್ ಇಬ್ಬರಿಗೂ ಕಪ್ಪ ಸಲ್ಲಿಸುತ್ತಲೇ, ಸಮರ್ಥನಾದ ಮೂರನೆಯ ರಕ್ಷಕನನ್ನು ಹುಡುಕತೊಡಗಿ, 1853ರಲ್ಲಿ ಫ್ರಾನ್ಸಿನ ಮೂರನೆಯ ನೆಪೋಲಿಯನ್ನನಿಗೆ ಗುಟ್ಟಾಗಿ ಓಲೆ ಬರೆದನು. ಅದು ಫಲಿಸಲಿಲ್ಲ, ಆದರೆ ಹತ್ತು ವರ್ಷಗಳ ತರುವಾಯ ಅವನ ಮಗ ನೊರೊದೊಂ ಫ್ರೆಂಚರ ರಕ್ಷಣೆಯ ಒಪ್ಪಂದಕ್ಕೆ ಸಹಿ ಹಾಕಿದನು, ಮತ್ತು ಆ ರಕ್ಷಕರು ತೊಂಬತ್ತು ವರ್ಷ ಅಲ್ಲಿಂದ ಕದಲಲಿಲ್ಲ.